ಕಾಫಿಗೆ ಹಾಕುವ ಸಕ್ಕರೆ ಬದಲಿ, ವೇಪ್‌ನಲ್ಲೂ ಸುರಕ್ಷಿತವೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ನಮ್ಮ ಯಜಮಾನರು ಹಲವು ವರ್ಷ ಸಿಗರೇಟು ಸೇದಿ, ಕೊನೆಗೂ ಅದನ್ನು ಬಿಟ್ಟು ವೇಪ್‌ಗೆ (ದ್ರವವನ್ನು ಕಾಯಿಸಿ ಮಂಜಿನಂತೆ ಸೇದುವ ಇ-ಸಿಗರೇಟಿಗೆ) ಬಂದಿದ್ದಾರೆ. ಅವರು ತರುವುದೆಲ್ಲ ಮಾವಿನಹಣ್ಣು, ಸ್ಟ್ರಾಬೆರಿ, ಕಸ್ಟರ್ಡ್ ಥರದ ತುಂಬಾ ಸಿಹಿಯಾದ ಲಿಕ್ವಿಡ್. ನಾಲ್ಕೈದು ದಿನಕ್ಕೆ ಲಿಕ್ವಿಡ್ ಕಾಯಿಸುವ ತಂತಿ, ಅಂದರೆ ಕಾಯಿಲ್, ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಅದರಲ್ಲಿ ಸುಕ್ರಲೋಸ್ ಇದೆ ಎಂದು ಬಾಟಲಿಯ ಮೇಲೆ ಓದಿದೆ. ಫಾರ್ಮಸಿಸ್ಟ್ ಆಗಿರುವ ನನ್ನ ಮೈದುನ, "ಅತ್ತಿಗೆ, ಹಾಸನದಲ್ಲಿ ಅಪ್ಪ ಶುಗರ್‌ಗಾಗಿ ಕಾಫಿಗೆ ಹಾಕಿಕೊಳ್ಳುವ ಮಾತ್ರೆಯೂ ಅದೇ, ಏನೂ ಆಗಲ್ಲ" ಅನ್ನುತ್ತಾನೆ. ಅವನ ಮಾತು ನಿಜವೇ? ದೀಪಾವಳಿಗೆ ಊರಿಗೆ ಬರುವಾಗ ಇವರು ವೇಪ್ ತರಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮಾವನವರ ಕಾಫಿಯ ಬಗ್ಗೆ ಮೈದುನ ಹೇಳಿದ್ದು ಸರಿ, ನಿಮ್ಮ ಯಜಮಾನರ ವೇಪ್ ಬಗ್ಗೆ ಹೇಳಿದ್ದು ಸರಿಯಲ್ಲ. ಸಿಹಿ ಹಾಕಿದ ಲಿಕ್ವಿಡ್ ನಿಲ್ಲಿಸಲಿ, ಸಿಹಿ ಇಲ್ಲದ್ದಕ್ಕೆ ಬರಲಿ. ಹಾಗೆಂದು ನನ್ನ ಉತ್ತರ ಓದಿ ಗಾಬರಿಯಾಗಿ ಅವರು ಮತ್ತೆ ಸಿಗರೇಟು ಹಚ್ಚುವಂತೆ ಆಗಬಾರದು. ಈ ಎರಡನ್ನೂ ಜೊತೆಯಲ್ಲೇ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಸುಕ್ರಲೋಸ್ ಎಂದರೆ ಸಕ್ಕರೆಯ ಅಣುವಿನಲ್ಲಿದ್ದ ಮೂರು ಹೈಡ್ರಾಕ್ಸಿಲ್ ಗುಂಪುಗಳನ್ನು ತೆಗೆದು, ಆ ಜಾಗದಲ್ಲಿ ಮೂರು ಕ್ಲೋರಿನ್ ಪರಮಾಣುಗಳನ್ನು ಕೂರಿಸಿದ ವಸ್ತು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಇದು ಸಿಕ್ಕಿತು. ಕಂಡುಹಿಡಿದ ತಂಡದಲ್ಲಿ ಶಶಿಕಾಂತ್ ಫಡ್ನಿಸ್ ಎಂಬ ಭಾರತೀಯ ರಸಾಯನಶಾಸ್ತ್ರಜ್ಞರೂ ಇದ್ದರು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಕೆನಡಾ 1991ರಲ್ಲಿ, ಅಮೆರಿಕ 1998ರಲ್ಲಿ ಇದನ್ನು ಆಹಾರದಲ್ಲಿ ಬಳಸಲು ಒಪ್ಪಿದವು. ಜೀವನಪೂರ್ತಿ ದಿನಾ ತಿಂದರೂ ತೊಂದರೆಯಿಲ್ಲ ಎನ್ನಬಹುದಾದ ಮಿತಿಯನ್ನು ವಿಶ್ವಸಂಸ್ಥೆಯ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ ಎಂದಿದೆ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಇನ್ನೂ ಬಿಗಿಯಾಗಿ 5 ಮಿಲಿಗ್ರಾಂ ಎಂದಿದೆ. ತಿಂದ ಸುಕ್ರಲೋಸ್‌ನ ಹೆಚ್ಚಿನ ಪಾಲನ್ನು ನಮ್ಮ ಕರುಳು ಹೀರಿಕೊಳ್ಳುವುದೇ ಇಲ್ಲ. ಸುಮಾರು 15 ಶೇಕಡಾ ಮಾತ್ರ ರಕ್ತಕ್ಕೆ ಸೇರಿ, ಮೂತ್ರದಲ್ಲಿ ಹೊರಟುಹೋಗುತ್ತದೆ. ಉಳಿದದ್ದು ಬಂದ ಹಾಗೇ ಮಲದಲ್ಲಿ ಹೋಗುತ್ತದೆ.

ಈಗ ವೇಪ್‌ನ ಲೆಕ್ಕ ನೋಡೋಣ. ಅಂಗಡಿಯಲ್ಲಿ ಸಿಗುವ ವೇಪ್ ಸ್ವೀಟ್‌ನರ್ ಸಾಮಾನ್ಯವಾಗಿ 10 ಶೇಕಡಾ ಸುಕ್ರಲೋಸ್ ದ್ರಾವಣ. ಮನೆಯಲ್ಲೇ ಲಿಕ್ವಿಡ್ ಬೆರೆಸಿಕೊಳ್ಳುವವರು ಅದನ್ನು 1 ಶೇಕಡಾದಷ್ಟು ಹಾಕಿದರು ಎಂದಿಟ್ಟುಕೊಳ್ಳಿ. ಆಗ ಒಂದು ಮಿಲಿಲೀಟರ್ ಲಿಕ್ವಿಡ್‌ನಲ್ಲಿ ಸುಮಾರು 1 ಮಿಲಿಗ್ರಾಂ ಸುಕ್ರಲೋಸ್ ಇರುತ್ತದೆ. ದಿನಕ್ಕೆ 3 ಮಿಲಿಲೀಟರ್ ಸೇದಿದರೆ 3 ಮಿಲಿಗ್ರಾಂ. 70 ಕಿಲೋ ತೂಗುವವರಿಗೆ ಅಮೆರಿಕದ ಬಿಗಿ ಮಿತಿಯೇ ದಿನಕ್ಕೆ 350 ಮಿಲಿಗ್ರಾಂ. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ನಿಮ್ಮ ಮೈದುನ ಮನಸ್ಸಿನಲ್ಲೇ ಮಾಡಿದ ಲೆಕ್ಕ ಬಹುಶಃ ಇದೇ. ಗಣಿತದಲ್ಲಿ ತಪ್ಪಿಲ್ಲ. ಆದರೆ ಆ 350 ಎಂಬ ಸಂಖ್ಯೆ ಬಂದದ್ದು ಇಲಿ, ನಾಯಿ, ಮನುಷ್ಯರಿಗೆ ತಿನ್ನಿಸಿ ನೋಡಿದ ಪ್ರಯೋಗಗಳಿಂದ. ಅದು ಹೊಟ್ಟೆಗೆ ಹೋಗುವ, ಕಾಯಿಸದ ಸುಕ್ರಲೋಸ್‌ಗೆ ಕೊಟ್ಟ ತೀರ್ಪು. ಕಾದ ಲೋಹದ ತಂತಿಯ ಮೇಲೆ ಬಿದ್ದು, ಒಡೆದು, ಹನಿಯಾಗಿ ಶ್ವಾಸಕೋಶಕ್ಕೆ ಹೋಗುವ ವಸ್ತುವಿಗೆ ಆ ತೀರ್ಪನ್ನು ಯಾರೂ ಕೊಟ್ಟಿಲ್ಲ.

ಹೊಟ್ಟೆಗೂ ಶ್ವಾಸಕೋಶಕ್ಕೂ ಅಷ್ಟೊಂದು ವ್ಯತ್ಯಾಸವೇ ಎಂದು ಕೇಳಬಹುದು. ಹೌದು, ಬಹಳ ದೊಡ್ಡ ವ್ಯತ್ಯಾಸ. ತಿಂದದ್ದು ಆಮ್ಲ, ಕಿಣ್ವ, ಕರುಳಿನ ಗೋಡೆ, ಆಮೇಲೆ ಯಕೃತ್ತು, ಇಷ್ಟನ್ನೂ ದಾಟಿ ದೇಹದೊಳಕ್ಕೆ ಬರಬೇಕು. ಶ್ವಾಸಕೋಶದ ತುದಿಯ ಗಾಳಿಚೀಲಗಳಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವುದು ಒಂದು ಮೈಕ್ರಾನಿಗಿಂತ ತೆಳುವಾದ ಪೊರೆ. ಆಮ್ಲಜನಕ ಸರಾಗವಾಗಿ ದಾಟಲೆಂದೇ ಅದು ಅಷ್ಟು ತೆಳು. ಅಲ್ಲಿ ಬಂದು ಕೂತದ್ದನ್ನು ಜೀರ್ಣಿಸುವ ವ್ಯವಸ್ಥೆ ಇಲ್ಲ.

ತಿನ್ನಲು ಸುರಕ್ಷಿತ ಎಂದ ಮಾತ್ರಕ್ಕೆ ಉಸಿರಾಡಲೂ ಸುರಕ್ಷಿತ ಎಂದುಕೊಂಡು ಜನ ಪ್ರಾಣ ಕಳೆದುಕೊಂಡದ್ದಿದೆ. ಅಮೆರಿಕದ ಮಿಸ್ಸೌರಿ ರಾಜ್ಯದ ಜಾಸ್ಪರ್ ಎಂಬ ಊರಿನಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ತಯಾರಿಸುವ ಒಂದು ಕಾರ್ಖಾನೆ ಇತ್ತು. 2000ನೇ ಇಸವಿಯಲ್ಲಿ, ಅಲ್ಲಿ ಕೆಲಸ ಮಾಡಿದ್ದ ಎಂಟು ಮಂದಿಗೆ ಶ್ವಾಸಕೋಶದ ಸಣ್ಣ ನಳಿಕೆಗಳು ಗಾಯಗೊಂಡು ಮುಚ್ಚಿಹೋಗುವ ಅಪರೂಪದ ಕಾಯಿಲೆ ಇರುವುದು ಆರೋಗ್ಯ ಇಲಾಖೆಯ ಗಮನಕ್ಕೆ ಬಂತು. ಒಮ್ಮೆ ಮುಚ್ಚಿದ ನಳಿಕೆ ಮತ್ತೆ ತೆರೆಯುವುದಿಲ್ಲ. ತನಿಖೆ ಮಾಡಿದಾಗ ಬೆರಳು ತೋರಿಸಿದ್ದು ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್‌ನತ್ತ. ಡಯಾಸಿಟೈಲ್ ನಿಜವಾದ ಬೆಣ್ಣೆಯಲ್ಲೂ ಇದೆ, ಅದನ್ನು ತಿನ್ನುವುದರಿಂದ ಯಾರಿಗೂ ಏನೂ ಆಗಿಲ್ಲ. ಬಿಸಿ ತೊಟ್ಟಿಯಿಂದ ಏಳುವ ಅದರ ಆವಿಯನ್ನು ದಿನವಿಡೀ ಉಸಿರಾಡಿದವರಿಗೆ ಆಯಿತು. ಅದೇ ಡಯಾಸಿಟೈಲ್ ಮುಂದೆ ಕಸ್ಟರ್ಡ್, ಕ್ಯಾರಮೆಲ್ ರುಚಿಯ ವೇಪ್ ಲಿಕ್ವಿಡ್‌ಗಳಿಗೂ ಬಂತು. 2015ರ ಕೊನೆಯಲ್ಲಿ ಹಾರ್ವರ್ಡ್‌ನವರು 51 ಬಗೆಯ ಸುವಾಸನೆಯ ಇ-ಸಿಗರೇಟ್‌ಗಳನ್ನು ಪರೀಕ್ಷಿಸಿದಾಗ 39ರಲ್ಲಿ ಅದು ಸಿಕ್ಕಿತು. ಈಗ ಬ್ರಿಟನ್ನಿನಲ್ಲಿ ವೇಪ್ ಲಿಕ್ವಿಡ್‌ಗೆ ಡಯಾಸಿಟೈಲ್ ಹಾಕುವಂತಿಲ್ಲ. ನಿಮ್ಮ ಯಜಮಾನರ ಕಸ್ಟರ್ಡ್ ಬಾಟಲಿ ಅಲ್ಲಿನ ಕಾನೂನಿನಂತೆ ಮಾರಾಟವಾದದ್ದಾದರೆ ಆ ಒಂದು ಭಯ ಬೇಡ.

ಇನ್ನೊಂದು ಉದಾಹರಣೆ ಹೆಚ್ಚು ಹಳೆಯದಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರು, ಅದರಲ್ಲೂ ಹರೆಯದ ಹುಡುಗರು, ಉಸಿರಾಡಲಾಗದೆ ಸಾಲುಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು, 68 ಸಾವು. ರೋಗಿಗಳ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವವನ್ನು ಪರೀಕ್ಷಿಸಿದಾಗ 51 ಮಂದಿಯಲ್ಲಿ 48 ಮಂದಿಯದರಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಗಾಂಜಾ ಎಣ್ಣೆಯನ್ನು ಮಂದ ಮಾಡಲು ಕಳ್ಳ ಮಾರುಕಟ್ಟೆಯವರು ಅದನ್ನು ಬೆರೆಸಿದ್ದರು. ಮಾತ್ರೆಯಲ್ಲಿ ನುಂಗುವ, ಮುಖದ ಕ್ರೀಮ್‌ನಲ್ಲಿ ಹಚ್ಚುವ ಅದೇ ವಿಟಮಿನ್. ಸುಕ್ರಲೋಸ್ ಇಂಥ ಅನಾಹುತ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಆ ರೋಗಕ್ಕೂ ಸಿಹಿಗೂ ಸಂಬಂಧವಿಲ್ಲ. "ತಿನ್ನುವುದೇ ತಾನೇ" ಎಂಬ ವಾದಕ್ಕೆ ಶ್ವಾಸಕೋಶದ ಮುಂದೆ ಬೆಲೆ ಇಲ್ಲ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ನಿಮ್ಮ ಮೈದುನ ಫಾರ್ಮಸಿಸ್ಟ್ ಆದ್ದರಿಂದ ಒಂದು ಒಳ್ಳೆಯ ಮರುಪ್ರಶ್ನೆ ಹಾಕಬಹುದು: ಆಸ್ತಮಾದವರ ಪುಡಿ ಇನ್ಹೇಲರ್‌ನಲ್ಲಿ ಲ್ಯಾಕ್ಟೋಸ್ ಇರುತ್ತದಲ್ಲ, ಅದೂ ಸಕ್ಕರೆಯೇ ಅಲ್ಲವೇ? ನಿಜ, ಇರುತ್ತದೆ. ಆದರೆ ಅದನ್ನು ಕಾಯಿಸುವುದಿಲ್ಲ. ಅದರ ಕಣಗಳನ್ನು ಬೇಕೆಂದೇ ದಪ್ಪವಾಗಿ ಇಟ್ಟಿರುತ್ತಾರೆ, ಹೆಚ್ಚಿನವು ಬಾಯಿ ಗಂಟಲಲ್ಲೇ ಉಳಿದು ಹೊಟ್ಟೆಗೆ ಹೋಗುತ್ತವೆ, ಔಷಧದ ಸಣ್ಣ ಕಣ ಮಾತ್ರ ಒಳಕ್ಕೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಇನ್ಹೇಲರನ್ನು ಉಸಿರಿನ ದಾರಿಯಲ್ಲೇ ಪರೀಕ್ಷಿಸಿ ಒಪ್ಪಿಗೆ ಪಡೆದಿರುತ್ತಾರೆ. ವೇಪ್ ಲಿಕ್ವಿಡ್‌ನ ಸಿಹಿಗೆ ಈ ಮೂರರಲ್ಲಿ ಒಂದೂ ಆಗಿಲ್ಲ.

ಈಗ ಶಾಖದ ವಿಷಯ. ನನ್ನ ಆತಂಕದ ಬಹುಪಾಲು ಇರುವುದು ಇಲ್ಲೇ.

ವೇಪ್ ಲಿಕ್ವಿಡ್‌ನ ಮೂಲ ಎರಡು ವಸ್ತುಗಳು: ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡನೆಯದು 290ರಲ್ಲಿ ಕುದಿಯುತ್ತದೆ. ಕಾಯಿಲ್ ಇವನ್ನು ಆವಿ ಮಾಡಬೇಕಾದರೆ ಅಷ್ಟು ಕಾಯಲೇಬೇಕು. ಕಾಯಿಲ್‌ಗೆ ದ್ರವ ಒದಗಿಸುವ ಹತ್ತಿ ಒಣಗಿದರಂತೂ ಶಾಖ ಇನ್ನೂ ಮೇಲಕ್ಕೆ ಹೋಗುತ್ತದೆ. ಸುಕ್ರಲೋಸ್ ಕುದಿಯುವುದಿಲ್ಲ, ಆವಿಯಾಗುವುದೂ ಇಲ್ಲ. ಅದು ಸುಮಾರು 120 ಡಿಗ್ರಿ ದಾಟಿದಾಗಿನಿಂದಲೇ ಒಡೆಯಲು ತೊಡಗುತ್ತದೆ. ಆ ಮೂರು ಕ್ಲೋರಿನ್‌ಗಳು ಆಗ ಸುಮ್ಮನೆ ಕೂರುವುದಿಲ್ಲ, ಹೈಡ್ರೋಕ್ಲೋರಿಕ್ ಆಮ್ಲವಾಗಿ ಬಿಡುಗಡೆಯಾಗುತ್ತವೆ. ಪ್ರಮಾಣ ಅತ್ಯಲ್ಪ. ಆದರೆ ಆಮ್ಲ ಇಲ್ಲಿ ವೇಗವರ್ಧಕದ ಕೆಲಸ ಮಾಡುತ್ತದೆ. ತಾನು ಖರ್ಚಾಗದೆ, ಸುತ್ತಲಿನ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಒಡೆಯುವುದನ್ನು ಚುರುಕುಗೊಳಿಸುತ್ತದೆ. ಅವು ಒಡೆದರೆ ಬರುವುದು ಆಲ್ಡಿಹೈಡ್‌ಗಳು: ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್. ಬಾಣಲೆಯಲ್ಲಿ ಎಣ್ಣೆ ಅತಿಯಾಗಿ ಕಾದು ಹೊಗೆ ಎದ್ದಾಗ ಕಣ್ಣು, ಗಂಟಲು ಉರಿಯುತ್ತದಲ್ಲ, ಆ ಉರಿಯಲ್ಲಿ ಅಕ್ರೋಲಿನ್‌ನ ಪಾಲು ದೊಡ್ಡದು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನಲ್ಲೇ ಸೇರಿಸಿದೆ.

ಇದು ಬರೀ ಕಾಗದದ ಮೇಲಿನ ಊಹೆಯಲ್ಲ. 2019ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಸುಕ್ರಲೋಸ್ ಇರುವ, ಇಲ್ಲದ ಲಿಕ್ವಿಡ್‌ಗಳನ್ನು ವೇಪ್ ಯಂತ್ರದಲ್ಲಿ ಹಾಯಿಸಿ, ಬಂದ ಮಂಜನ್ನು ಹಿಡಿದು ಪರೀಕ್ಷಿಸಿದರು. ಸುಕ್ರಲೋಸ್ ಹೆಚ್ಚಿಸಿದಷ್ಟೂ ಆಲ್ಡಿಹೈಡ್‌ಗಳು ಹೆಚ್ಚಾದವು. ಸುಕ್ರಲೋಸ್ ತಾನು ಒಡೆಯುವುದಷ್ಟೇ ಅಲ್ಲ, ಮೂಲ ಲಿಕ್ವಿಡ್ಡನ್ನೂ ಒಡೆಯುತ್ತದೆ ಎಂಬುದು ಅಲ್ಲಿ ಖಚಿತವಾಯಿತು. ಅದೇ ವರ್ಷ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದವರು ಇನ್ನೊಂದು ಗುಂಪಿನ ವಸ್ತುಗಳನ್ನು ಗುರುತಿಸಿದರು: ಕ್ಲೋರೋಪ್ರೊಪನಾಲ್‌ಗಳು. ಗ್ಲಿಸರಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಶಾಖದಲ್ಲಿ ಸೇರಿದರೆ ಇವು ಹುಟ್ಟುತ್ತವೆ.

ಕ್ಲೋರೋಪ್ರೊಪನಾಲ್ ಎಂಬ ಹೆಸರು ಆಹಾರ ಸುರಕ್ಷತೆಯ ಕೆಲಸದಲ್ಲಿರುವವರಿಗೆ ಹೊಸದಲ್ಲ. ಸೋಯಾ ಸಾಸ್ ಬೇಗ ತಯಾರಿಸಲು ಸೋಯಾ ಹಿಂಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೇಯಿಸುವ ಒಂದು ವಿಧಾನವಿದೆ. ಹಿಂಡಿಯಲ್ಲಿ ಉಳಿದ ಎಣ್ಣೆಯ ಗ್ಲಿಸರಿನ್ ಭಾಗದೊಡನೆ ಆ ಆಮ್ಲ ಸೇರಿ 3-ಎಂಸಿಪಿಡಿ ಎಂಬ ಕ್ಲೋರೋಪ್ರೊಪನಾಲ್ ಆಗುತ್ತದೆ. ಇದನ್ನು ಕಂಡ ಯುರೋಪಿಯನ್ ಒಕ್ಕೂಟ ಸೋಯಾ ಸಾಸ್‌ನಲ್ಲಿ ಕಿಲೋಗೆ 20 ಮೈಕ್ರೋಗ್ರಾಂಗಿಂತ ಹೆಚ್ಚು ಇರಕೂಡದು ಎಂದು ಮಿತಿ ಹಾಕಿತು. 3-ಎಂಸಿಪಿಡಿ ಮತ್ತು ಅದರ ಜೊತೆಗಾರ 1,3-ಡಿಸಿಪಿ ಎರಡೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ 2ಬಿ ಗುಂಪಿನಲ್ಲಿವೆ. ತಟ್ಟೆಯಲ್ಲಿ ಇಷ್ಟೇ ಇರಬೇಕು ಎಂದು ಮೈಕ್ರೋಗ್ರಾಂ ಲೆಕ್ಕ ಇಟ್ಟ ವಸ್ತುವನ್ನು, ಬೇಡದ ಒಂದು ರುಚಿಗಾಗಿ ಉಸಿರಿನೊಳಕ್ಕೆ ಬಿಟ್ಟುಕೊಳ್ಳುವುದರಲ್ಲಿ ನನಗೆ ಯಾವ ಅರ್ಥವೂ ಕಾಣುವುದಿಲ್ಲ.

ಮಾವನವರ ಅಡುಗೆಮನೆಗೂ ಇಲ್ಲೊಂದು ಮಾತು. ಜರ್ಮನಿಯ ಕೇಂದ್ರ ಅಪಾಯ ಅಂದಾಜು ಸಂಸ್ಥೆ 2019ರಲ್ಲಿ, ಸುಕ್ರಲೋಸ್ ಹಾಕಿದ ಆಹಾರವನ್ನು 120 ಡಿಗ್ರಿಗಿಂತ ಮೇಲೆ ಕಾಯಿಸಿದರೆ ಹಾನಿಕರ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು, ಆದ್ದರಿಂದ ಬೇಯಿಸಿ ಇಳಿಸಿದ ಮೇಲೆ ಸೇರಿಸುವುದು ಒಳ್ಳೆಯದು ಎಂದಿತು. ಕಾಫಿ, ಟೀ, ಕುದಿಸಿ ಇಳಿಸಿದ ಪಾಯಸಕ್ಕೆ ಏನೂ ತೊಂದರೆಯಿಲ್ಲ, ನೀರು 100 ಡಿಗ್ರಿ ದಾಟುವುದಿಲ್ಲ. ಹೂರಣಕ್ಕೆ ಸುಕ್ರಲೋಸ್ ಪುಡಿ ಬೆರೆಸಿ ಕಾದ ಕಾವಲಿಯ ಮೇಲೆ ಒಬ್ಬಟ್ಟು ಬೇಯಿಸುವುದು, ಅದನ್ನೇ ಹಾಕಿ ಓವನ್‌ನಲ್ಲಿ ಕೇಕ್ ಮಾಡುವುದು ಬೇಡ.

ಇಷ್ಟೆಲ್ಲ ಓದಿದ ಮೇಲೆ ವೇಪ್ ಮಂಜಿನಲ್ಲಿ ವಿಷವೇ ತುಂಬಿದೆ ಎಂದು ಅನ್ನಿಸಬಾರದು. ಈ ವಸ್ತುಗಳ ಪ್ರಮಾಣ ಸಾಧನ, ವ್ಯಾಟ್, ಸಿಹಿಯ ಸಾಂದ್ರತೆ, ಎಳೆಯುವ ರೀತಿ ಇವುಗಳ ಮೇಲೆ ಬಹಳ ಏರಿಳಿಯುತ್ತದೆ. ಸಿಗರೇಟಿನಲ್ಲಿ ಎಲೆಯೇ ಉರಿಯುತ್ತದೆ. ಆ ಹೊಗೆಯಲ್ಲಿ ಸಾವಿರಾರು ರಾಸಾಯನಿಕಗಳು, ಕಾರ್ಬನ್ ಮೊನಾಕ್ಸೈಡ್, ಟಾರ್ ಇರುತ್ತವೆ, ಮತ್ತು ಕ್ಯಾನ್ಸರ್ ತರುವ ಹತ್ತಾರು ವಸ್ತುಗಳು ಸಾಬೀತಾಗಿವೆ. ಸಿಗರೇಟಿನಿಂದ ವೇಪ್‌ಗೆ ಪೂರ್ತಿಯಾಗಿ ಬಂದವರು ಇವುಗಳ ದೊಡ್ಡ ಪಾಲಿನಿಂದ ಪಾರಾಗಿರುತ್ತಾರೆ. ನಿಮ್ಮ ಯಜಮಾನರು ಆ ಕಷ್ಟದ ಹೆಜ್ಜೆ ಇಟ್ಟಿದ್ದಾರೆ, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ವೇಪ್‌ನ ಅಪಾಯವನ್ನು ಸಿಗರೇಟಿನ ಪಕ್ಕದಲ್ಲಿಟ್ಟು ಅಳೆದರೆ ಮಾತ್ರ ಅದು ಚಿಕ್ಕದು. ಶುದ್ಧ ಗಾಳಿಯ ಪಕ್ಕದಲ್ಲಿಟ್ಟು ಅಳೆದರೆ ಚಿಕ್ಕದಲ್ಲ. ಲಿಕ್ವಿಡ್‌ನಲ್ಲಿ ನಿಕೋಟಿನ್‌ಗೆ ಒಂದು ಕೆಲಸವಿದೆ, ಅದು ಅವರನ್ನು ಸಿಗರೇಟಿನಿಂದ ದೂರ ಇಡುತ್ತಿದೆ. ಸುಕ್ರಲೋಸ್‌ಗೆ ಅಂಥ ಯಾವ ಕೆಲಸವೂ ಇಲ್ಲ. ಹಾಗಾಗಿ ತೆಗೆಯಬೇಕಾದ ಮೊದಲ ವಸ್ತು ಅದೇ.

ನೀವು ಬರೆದ ಕಪ್ಪು ಕಾಯಿಲ್‌ಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯುಕ್ತವಾಗಿ ಕಂಡ ವಿವರ ಅದು. ಸಿಹಿ ಇಲ್ಲದ ಲಿಕ್ವಿಡ್‌ನಲ್ಲಿ ಎರಡು ಮೂರು ವಾರ ಬರುವ ಕಾಯಿಲ್, ಸಿಹಿ ಹಾಕಿದ್ದರಲ್ಲಿ ಕೆಲವೇ ದಿನಕ್ಕೆ ಹೋಗುತ್ತದೆ. ಮೇಲೆ ಹೇಳಿದೆನಲ್ಲ, ಸುಕ್ರಲೋಸ್ ಆವಿಯಾಗುವುದಿಲ್ಲ. ಸುತ್ತಲಿನ ದ್ರವ ಆವಿಯಾಗಿ ಹೋದಾಗ ಅದು ಹಿಂದೆ ಉಳಿದು, ತಂತಿಯ ಮೇಲೆ ಅಂಟಾಗಿ, ಆಮೇಲೆ ಇದ್ದಿಲಾಗುತ್ತದೆ. ಆ ಪದರ ಹತ್ತಿಯಿಂದ ದ್ರವ ಬರುವ ದಾರಿಯನ್ನು ಕಟ್ಟುತ್ತದೆ, ಅಲ್ಲಲ್ಲಿ ಒಣ ಜಾಗ ಉಂಟಾಗಿ ಅಲ್ಲಿ ಶಾಖ ಏರುತ್ತದೆ, ಶಾಖ ಏರಿದರೆ ಆಲ್ಡಿಹೈಡ್ ಹೆಚ್ಚುತ್ತದೆ. ಒಂದೇ ಕಾಯಿಲ್ಲನ್ನು ಮತ್ತೆ ಮತ್ತೆ ಬಳಸಿದಾಗ, ಮೇಲೆ ಕೂತ ಅಂಟಿನಿಂದಾಗಿ ಆಲ್ಡಿಹೈಡ್ ಏರುತ್ತಾ ಹೋಗುತ್ತದೆ ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 2016ರಲ್ಲೇ ತೋರಿಸಿದ್ದರು. ಅಂದರೆ ಸುಟ್ಟ ವಾಸನೆ ಬಂದ ಮೇಲೂ "ಇವತ್ತೊಂದು ದಿನ ಓಡಿಸೋಣ" ಎಂದು ಅವರು ಎಳೆಯುವ ಆ ದಮ್ಮುಗಳೇ ಎಲ್ಲಕ್ಕಿಂತ ಕೆಟ್ಟವು. ಅದನ್ನು ಇವತ್ತೇ ನಿಲ್ಲಿಸಬಹುದು.

ಬೇಸರದ ಸಂಗತಿ ಎಂದರೆ, ಇಷ್ಟು ತೊಂದರೆ ಕೊಡುವ ಆ ಸಿಹಿ ಎಷ್ಟೋ ಸಲ ನಾಲಿಗೆಯವರೆಗೆ ಬರುವುದೂ ಇಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಕ್ರಲೋಸ್ ಇರುವ, ಇಲ್ಲದ ಲಿಕ್ವಿಡ್‌ಗಳನ್ನು ಎರಡು ಬಗೆಯ ಸಾಧನದಲ್ಲಿ ಕೊಟ್ಟು ಸೇದಿಸಿ ನೋಡಿದರು. ಹಳೆಯ ಕಾರ್ಟ್ರಿಜ್ ಮಾದರಿಯಲ್ಲಿ ಸಿಹಿ ಹೆಚ್ಚಾದದ್ದು ಜನರಿಗೆ ತಿಳಿಯಿತು. ಟ್ಯಾಂಕ್ ಮಾದರಿಯಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ. ಮಂಜನ್ನು ಅಳೆದಾಗಲೂ ಟ್ಯಾಂಕ್‌ನಿಂದ ಹೊರಬಂದ ಸುಕ್ರಲೋಸ್ ಕಾರ್ಟ್ರಿಜ್‌ಗಿಂತ ಬಹಳ ಕಡಿಮೆ ಇತ್ತು. ಮಿಕ್ಕದ್ದು ಎಲ್ಲಿ ಹೋಯಿತು ಎನ್ನುವುದಕ್ಕೆ ನಿಮ್ಮ ಮನೆಯ ಕಪ್ಪು ಕಾಯಿಲ್ಲೇ ಉತ್ತರ. ವೇಪ್‌ನಲ್ಲಿ ಸಿಹಿ ಎಂದು ಅನ್ನಿಸುವುದರಲ್ಲಿ ಹೆಚ್ಚಿನದು ಮೂಗಿನ ಕೆಲಸ. ಈಥೈಲ್ ಮಾಲ್ಟಾಲ್ ಎಂಬ ವಸ್ತುವಿಗೆ ಬೊಂಬಾಯಿ ಮಿಠಾಯಿಯ ಪರಿಮಳವಿದೆ, ಅದು ಅನೇಕ ಹಣ್ಣಿನ ಲಿಕ್ವಿಡ್‌ಗಳಲ್ಲಿ ಇರುತ್ತದೆ. ಸುಕ್ರಲೋಸ್ ಇಲ್ಲದ ಬಾಟಲಿಯೂ ಅವರಿಗೆ ಸಪ್ಪೆ ಅನ್ನಿಸದಿರಬಹುದು. ಆದರೆ ಈ ಪರಿಮಳಗಳಿಗೂ ಪೂರ್ತಿ ರಿಯಾಯಿತಿ ಕೊಡಲಾರೆ. ವೆನಿಲಾ, ದಾಲ್ಚಿನ್ನಿ, ಚೆರ್ರಿ ಪರಿಮಳದ ಆಲ್ಡಿಹೈಡ್‌ಗಳು ಬಾಟಲಿಯಲ್ಲಿ ಇಟ್ಟಲ್ಲೇ ಪ್ರೊಪಿಲೀನ್ ಗ್ಲೈಕಾಲ್ ಜೊತೆ ಕೂಡಿ ಅಸಿಟಾಲ್ ಎಂಬ ಹೊಸ ವಸ್ತುಗಳಾಗುತ್ತವೆ, ಅವು ಶ್ವಾಸನಾಳದ ಉರಿ ಹುಟ್ಟಿಸುವ ನರಗಳನ್ನು ಕೆರಳಿಸುತ್ತವೆ. ದಾಲ್ಚಿನ್ನಿಯ ಪರಿಮಳವಂತೂ ಶ್ವಾಸನಾಳದಿಂದ ಕಫ ಹೊರದೂಡುವ ಸೂಕ್ಷ್ಮ ರೋಮಗಳ ಚಲನೆಯನ್ನು ಕುಗ್ಗಿಸುತ್ತದೆ. ಅದನ್ನು ಬಿಟ್ಟುಬಿಡಲಿ.

ಬೇರೆ ಸಿಹಿಗಳ ಬಗ್ಗೆ ಚುಟುಕಾಗಿ. ಸ್ಯಾಕರಿನ್, ಅಸೆಸಲ್ಫೇಮ್, ಆಸ್ಪರ್ಟೇಮ್ ವೇಪ್‌ನಲ್ಲಿ ಕಡಿಮೆ. ಆಸ್ಪರ್ಟೇಮ್ ಶಾಖ ತಡೆಯುವುದೇ ಇಲ್ಲ. ಈಚೆಗೆ ಡಿಸ್ಪೋಸಬಲ್ ವೇಪ್‌ಗಳಲ್ಲಿ ನಿಯೋಟೇಮ್ ಕಾಣಿಸಿಕೊಂಡಿದೆ, ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿ. ಅದರಲ್ಲಿ ಕ್ಲೋರಿನ್ ಇಲ್ಲ ನಿಜ, ಆದರೆ ಉಸಿರಿನ ದಾರಿಯಲ್ಲಿ ಅದನ್ನೂ ಪರೀಕ್ಷಿಸಿ ಒಪ್ಪಿದವರಿಲ್ಲ. "ಸ್ಟೀವಿಯಾ ಇದೆ, ನೈಸರ್ಗಿಕ" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ, ಗಿಡದಿಂದ ಬಂದದ್ದು ಎಂಬುದಕ್ಕೂ ಶ್ವಾಸಕೋಶದ ಸುರಕ್ಷತೆಗೂ ಸಂಬಂಧವಿಲ್ಲ. ಸಾದಾ ಸಕ್ಕರೆ, ಗ್ಲೂಕೋಸ್ ಹಾಕಿದ ಲಿಕ್ವಿಡ್‌ಗಳನ್ನು ಕಾಯಿಸಿದರೆ ಫ್ಯೂರಾನ್ ಗುಂಪಿನ ವಸ್ತುಗಳು ಬರುತ್ತವೆ, ಅದೂ ಬೇಡ.

ಸರ್ಕಾರಗಳು ಏನೂ ಮಾಡಿಲ್ಲವೇ ಎಂದರೆ, ಮಾಡುತ್ತಿವೆ, ನಿಧಾನವಾಗಿ. ಕಾಯಿಸಿದರೂ ಕಾಯಿಸದಿದ್ದರೂ ಮನುಷ್ಯನ ಆರೋಗ್ಯಕ್ಕೆ ಅಪಾಯ ತರದ ವಸ್ತುಗಳನ್ನು ಮಾತ್ರ, ನಿಕೋಟಿನ್ ಹೊರತು, ಇ-ಲಿಕ್ವಿಡ್‌ಗೆ ಬಳಸಬೇಕು ಎಂದು ಯುರೋಪಿನ 2014ರ ತಂಬಾಕು ನಿರ್ದೇಶನ ಹೇಳಿತ್ತು. ಒಳ್ಳೆಯ ಮಾತು, ಅದನ್ನು ಸುಕ್ರಲೋಸ್‌ಗೆ ಗಟ್ಟಿಯಾಗಿ ಅನ್ವಯಿಸಿದವರು ಕಡಿಮೆ. ಕೆನಡಾ 2021ರಲ್ಲಿ ಎಲ್ಲ ಸಕ್ಕರೆ ಮತ್ತು ಸಿಹಿಕಾರಕಗಳನ್ನು ವೇಪ್‌ನಿಂದ ತೆಗೆಯುವ ಕರಡು ಹೊರಡಿಸಿತು. ನೆದರ್ಲೆಂಡ್ಸ್‌ನಲ್ಲಿ 2024ರ ಜನವರಿಯಿಂದ ತಂಬಾಕು ರುಚಿ ಬಿಟ್ಟು ಬೇರೆಯದನ್ನು ಮಾರುವಂತಿಲ್ಲ. ಈ ಕ್ರಮಗಳ ಹಿಂದಿನ ಮುಖ್ಯ ಕಾಳಜಿ ಮಕ್ಕಳು, ನನ್ನ ಕಾಳಜಿಯೂ ಅದೇ. ನಿಕೋಟಿನ್ ಕಹಿ, ಗಂಟಲು ಕೆರೆಯುತ್ತದೆ. ಮೊದಲ ದಮ್ಮಿಗೇ ಮಗು ಕೆಮ್ಮಿ ಎಸೆಯುವಂತೆ ಮಾಡುವುದು ಆ ಕಹಿಯೇ. ಸಿಹಿ ಆ ಕಾವಲನ್ನು ತೆಗೆದುಹಾಕುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮಾವಿನಹಣ್ಣಿನ ವಾಸನೆಯ ಆ ಬಾಟಲಿಯನ್ನು ಮಾತ್ರೆ ಔಷಧಗಳ ಹಾಗೆ ಬೀಗದ ಒಳಗಿಡಿ, ನಿಕೋಟಿನ್ ದ್ರವ ಕುಡಿದರೆ ಸಣ್ಣ ಮಗುವಿನ ಪ್ರಾಣಕ್ಕೇ ಅಪಾಯ.

ಇನ್ನು ಅವರು ಮಾಡಬೇಕಾದದ್ದು. ಬ್ರಿಟನ್ನಿನಲ್ಲಿ ಬಾಟಲಿಯ ಮೇಲೆ ಘಟಕಗಳ ಪಟ್ಟಿ ಇರಬೇಕು, ಅಲ್ಲಿ ಸುಕ್ರಲೋಸ್ ಅಥವಾ ಸ್ವೀಟ್‌ನರ್ ಎಂದಿದೆಯೇ ನೋಡಿ. ಬರೀ "ಫ್ಲೇವರಿಂಗ್" ಎಂದು ಬರೆದು ಅದರೊಳಗೇ ಸೇರಿಸಿರುವುದೂ ಉಂಟು. ಆಗ ಕಾಯಿಲ್ಲನ್ನೇ ಸಾಕ್ಷಿಯಾಗಿ ನೋಡಿ: ಹೊಸ ಕಾಯಿಲ್ ವಾರದೊಳಗೆ ಕಪ್ಪಾಗಿ ಅಂಟಾದರೆ ಸಿಹಿ ಇದೆ ಎಂದೇ ತಿಳಿಯಬೇಕು. ಸಿಹಿ ಇಲ್ಲದ ಲಿಕ್ವಿಡ್‌ಗೆ ಬಂದಾಗ ಹೊಸ ಕಾಯಿಲ್ ಹಾಕಲಿ, ಟ್ಯಾಂಕ್ ತೊಳೆಯಲಿ, ವ್ಯಾಟ್ ತಗ್ಗಿಸಲಿ, ಹತ್ತಿ ಒಣಗಲು ಬಿಡದಿರಲಿ. ತಂಬಾಕು ಅಥವಾ ಪುದೀನ ರುಚಿಯಲ್ಲಿ ಸಿಹಿ ಇಲ್ಲದ್ದು ಸುಲಭವಾಗಿ ಸಿಗುತ್ತದೆ. ನಾಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಆ ದಿನಗಳಲ್ಲಿ ಸಿಡುಕಿದರೆ ಸ್ವಲ್ಪ ಸಹಿಸಿಕೊಳ್ಳಿ.

ಆ ಹೊತ್ತಿನಲ್ಲೇ ನಿಕೋಟಿನ್ ಪ್ರಮಾಣವನ್ನೂ ಇಳಿಸಲು ಹೋಗಬಾರದು. ಒಂದೇ ಸಲ ಎರಡನ್ನೂ ಕಿತ್ತುಕೊಂಡರೆ ಮನಸ್ಸು ಸಿಗರೇಟಿನ ಕಡೆ ಓಡುತ್ತದೆ. ಅಷ್ಟೇ ಅಲ್ಲ, ನಿಕೋಟಿನ್ ಕಡಿಮೆಯಾದರೆ ಜನ ತಮಗೆ ಗೊತ್ತಿಲ್ಲದೆಯೇ ಹೆಚ್ಚು ಹೊತ್ತು, ಹೆಚ್ಚು ಸಲ ಎಳೆಯುತ್ತಾರೆ, ದ್ರವ ಹೆಚ್ಚು ಖರ್ಚಾಗುತ್ತದೆ, ಆಲ್ಡಿಹೈಡ್ ಕೂಡ ಹೆಚ್ಚು ಒಳಗೆ ಹೋಗುತ್ತದೆ. ಮೊದಲು ಸಿಹಿ ಹೋಗಲಿ. ಅದು ನೆಲೆಗೊಂಡ ಮೇಲೆ ನಿಕೋಟಿನ್ ಹಂತ ಹಂತವಾಗಿ ಇಳಿಯಲಿ, ಕೊನೆಗೆ ವೇಪ್ ಕೂಡ ಬಿಡಲಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಧೂಮಪಾನ ಬಿಡಿಸುವ ಸೇವೆ ಉಚಿತವಾಗಿ ಸಿಗುತ್ತದೆ, ವೇಪ್ ಬಿಡಲೂ ಅವರ ಸಲಹೆ ಕೇಳಬಹುದು. ಉಬ್ಬಸ, ವಾರಗಟ್ಟಲೆ ಕೆಮ್ಮು, ಎದೆ ಬಿಗಿತ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಲಿಕ್ವಿಡ್ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ, ವೇಪ್ ಸೇದುವುದನ್ನು ಮುಚ್ಚಿಡಬೇಡಿ.

ದೀಪಾವಳಿಯ ಪ್ರಯಾಣಕ್ಕೆ ವೇಪ್ ತರಲೇಬೇಡಿ. ಭಾರತದಲ್ಲಿ 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯಂತೆ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ದಾಸ್ತಾನು ಬಿಟ್ಟು ಉಳಿದವಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2016ರಲ್ಲೇ ನಿಷೇಧ ಬಂದಿತ್ತು. ಸ್ವಂತಕ್ಕೆ ತಂದದ್ದು ಎಂದರೂ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದರೆ ಅದು ಆಮದೇ. ಬೆಂಗಳೂರಿನಲ್ಲಿ ಕದ್ದುಮುಚ್ಚಿ ಮಾರುವವರು ಇದ್ದಾರೆ ಎಂದು ಯಾರಾದರೂ ಹೇಳಿದರೆ ಅತ್ತ ಹೋಗುವುದು ಇನ್ನೂ ಕೆಟ್ಟದ್ದು. ಆ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂದು ನೋಡಿದವರು ಯಾರೂ ಇರುವುದಿಲ್ಲ.

ಅದರ ಬದಲು ನಿಕೋಟಿನ್ ಗಮ್ ಇಟ್ಟುಕೊಳ್ಳಲಿ. 2 ಮಿಲಿಗ್ರಾಂನದು ನಮ್ಮ ಊರುಗಳ ಮೆಡಿಕಲ್ ಶಾಪ್‌ಗಳಲ್ಲೂ ಚೀಟಿ ಇಲ್ಲದೆ ಸಿಗುತ್ತದೆ. ಅದರಲ್ಲೂ ಸಿಹಿಕಾರಕ ಇರುತ್ತದೆ, ಆದರೆ ಅದು ಬಾಯಿಯಿಂದ ಹೊಟ್ಟೆಗೆ ಹೋಗುವುದರಿಂದ ಅಲ್ಲಿ ನಿಮ್ಮ ಮೈದುನನ ಲೆಕ್ಕ ನಡೆಯುತ್ತದೆ. ಸಾಮಾನ್ಯ ಚ್ಯೂಯಿಂಗ್ ಗಮ್ ಹಾಗೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ಖಾರ ತಿಳಿಯುವವರೆಗೆ ನಿಧಾನ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಅದರ ಹಿಂದೆಮುಂದೆ ಕಾಲು ಗಂಟೆ ಕಾಫಿ, ಜ್ಯೂಸ್ ಬೇಡ, ಅವುಗಳ ಆಮ್ಲದಿಂದ ಬಾಯಿಯಲ್ಲಿ ನಿಕೋಟಿನ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಊರಿನಲ್ಲಿದ್ದಾಗ ಸಿಗರೇಟಿನ ಸೆಳೆತ ಜೋರಾದರೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಫೋನ್ ಮಾಡಬಹುದು. ಅದರ ಒಂದು ಪ್ರಾದೇಶಿಕ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ.